ಒಂದು ಸೋಲಿಗೆ ಮುಗಿಯುವ ಸೀಸನ್

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕಾಲೇಜಿನಲ್ಲಿ ಪಾಠ ಹೇಳುವುದು ಕಾಮರ್ಸ್. ಜಮಾ-ಖರ್ಚು, ತೆರಿಗೆ, ಆಡಿಟ್, ಇಷ್ಟೇ ನನ್ನ ಪ್ರಪಂಚ. ಹೋದ ವರ್ಷ ನಮ್ಮಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಜಾಗ ಖಾಲಿ ಇತ್ತು. ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು, 'ಸರ, ಫುಟ್ಬಾಲ್ ಟೀಮಿಗೆ ನೀವ ಮ್ಯಾನೇಜರ್ ಆಗ್ರಿ, ಎರಡು ಪೀರಿಯಡ್ ಕಡಿಮಿ ಮಾಡಸ್ತೀನಿ' ಅಂದರು. ಮ್ಯಾನೇಜರ್ ಆದೆ. ಪೀರಿಯಡ್ ಮಾತ್ರ ಕಡಿಮೆ ಆಗಲಿಲ್ಲ.

ಹುಬ್ಬಳ್ಳಿಯಲ್ಲಿ ಕಾಲೇಜು ಫುಟ್ಬಾಲ್ ಟೀಮ್ ಕಟ್ಟುವುದು ಅಂದರೆ ಬೇರೆ ಆಟದವರನ್ನು ಪುಸಲಾಯಿಸಿ ಕರೆತರುವುದು. ಅರ್ಧ ಕಾಲೇಜು ಕ್ರಿಕೆಟ್‌ಗೆ ಹೋಗಿರುತ್ತದೆ. ಉಳಿದವರಲ್ಲಿ ಚಿಕ್ಕಂದಿನಿಂದ ಫುಟ್ಬಾಲ್ ಆಡಿದವರು ಅಂದರೆ ರೈಲ್ವೆ ಕ್ವಾರ್ಟರ್ಸ್‌ನ ಇಬ್ಬರು ಮೂವರು, ಕಾರವಾರದ ಕಡೆಯವನೊಬ್ಬ, ಮುಂಡಗೋಡದ ಟಿಬೆಟನ್ ಕಾಲನಿಯ ಒಬ್ಬ. ಆ ಕಾಲನಿಯಲ್ಲಿ ಫುಟ್ಬಾಲ್ ಅಂದರೆ ಪ್ರಾಣ. ಹನ್ನೊಂದು ತುಂಬಿಸಲು ಮಿಕ್ಕವರೆಲ್ಲ ಖೋ-ಖೋ ಮತ್ತು ಕಬಡ್ಡಿಯಿಂದ ಬರಬೇಕು.

ಖೋ-ಖೋ ಹುಡುಗ ಸಿಕ್ಕರೆ ಲಾಭವೇ. ಕಂಬ ಹಿಡಿದು ತಿರುಗಿ ರೂಢಿ ಇರುತ್ತದಲ್ಲ, ಚೆಂಡಿನ ಜೊತೆ ಓಡುತ್ತಾ ಓಡುತ್ತಾ ಥಟ್ಟನೆ ದಿಕ್ಕು ಬದಲಿಸುತ್ತಾನೆ. ಅಡ್ಡ ಬಂದ ಬ್ಯಾಕ್, ಅಂದರೆ ಎದುರಿನ ರಕ್ಷಣೆಯವನು, ಅದೇ ಜೋರಿನಲ್ಲಿ ಮುಂದೆ ಹೋಗಿಬಿಟ್ಟಿರುತ್ತಾನೆ. ಕಬಡ್ಡಿಯವನ ತಾಪತ್ರಯ ಬೇರೆ. ಎದುರಾಳಿ ತನ್ನನ್ನು ದಾಟಿದ ಅಂದರೆ ಸೊಂಟಕ್ಕೇ ಕೈ ಹಾಕುತ್ತಾನೆ. ರೆಫರಿ ಸೀಟಿ ಊದಿದರೆ ನನ್ನ ಕಡೆ ನೋಡುತ್ತಾನೆ. 'ನಾ ಹಾಕಿಲ್ರಿ ಸರ, ಕೈ ತಾನ ಹೋಗ್ತದ್ರಿ!' ಇವನನ್ನು ಸ್ಟಾಪರ್ ಜಾಗಕ್ಕೆ, ಅಂದರೆ ನಡುವಿನ ರಕ್ಷಣೆಗೆ ಹಾಕಿ, ಎರಡೂ ಕೈಯಲ್ಲಿ ಒಂದೊಂದು ಕರವಸ್ತ್ರ ಹಿಡಿಸಿ ಪ್ರಾಕ್ಟೀಸ್ ಮಾಡಿಸಿದ್ದು ಟೀಮಿನ ಕ್ಯಾಪ್ಟನ್, ನಾನಲ್ಲ. ಕೈಯಲ್ಲಿ ಏನಾದರೂ ಇದ್ದರೆ ಹಿಡಿಯಲು ಆಗುವುದಿಲ್ಲ ಅಂತ ಅವನ ಲೆಕ್ಕ. ಸುಮಾರಾಗಿ ನಡೀತು.

ಇನ್ನು ಮೈದಾನ. ಧಾರವಾಡದವರು ಪುಣ್ಯವಂತರು, ಆ ಕಡೆ ಕೆಂಪು ಮಣ್ಣು ಜಾಸ್ತಿ, ನೀರು ಬೇಗ ಇಂಗುತ್ತದೆ. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಬಿರಿದು ಬೆರಳು ಹೋಗುವಷ್ಟು ಸೀಳು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಜುಲೈನಲ್ಲಿ ಪ್ರಾಕ್ಟೀಸ್ ಮುಗಿದ ಮೇಲೆ ಹುಡುಗರು ಕಟ್ಟೆ ಮೇಲೆ ಸಾಲಾಗಿ ಕೂತು, ಒಡೆದ ಹಂಚಿನ ಚೂರಿನಿಂದ ಬೂಟಿನಡಿಯ ಸ್ಟಡ್‌ಗೆ ಮೆತ್ತಿದ ಮಣ್ಣು ಕೆರೆಯುತ್ತಿದ್ದರು. ಆಟಕ್ಕಿಂತ ಕೆರೆಯುವುದೇ ಹೆಚ್ಚು ಹೊತ್ತು ಅನ್ನಿಸುತ್ತಿತ್ತು. ನಿಯಮದ ಪ್ರಕಾರ ಚೆಂಡು 410ರಿಂದ 450 ಗ್ರಾಂ ಇರಬೇಕು. ನಮ್ಮದು ಹೊಲಿಗೆ ಬಿಟ್ಟ ಹಳೇ ಚೆಂಡು. ನೀರು ಕುಡಿದ ಮೇಲೆ ಅದನ್ನು ತಲೆಯಿಂದ ಹೊಡೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಆಗಸ್ಟ್ ಬಂತು ಅಂದರೆ ಟೀಮೇ ಮಾಯ. ನಾಗರ ಪಂಚಮಿಗೆ ಊರಿಗೆ ಹೋದವರು ಬೇಗ ತಿರುಗಿ ಬರುವುದಿಲ್ಲ. ಜೋಕಾಲಿ, ಉಂಡಿ ಮುಗಿಯುವಷ್ಟರಲ್ಲಿ ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ಶುರುವಾಗಿರುತ್ತದೆ. ನಮ್ಮ ಎಡ ಬ್ಯಾಕ್ ನವಲಗುಂದ ಕಡೆಯ ರೈತರ ಮಗ. ಫೋನ್ ಮಾಡಿದರೆ ಅವರಪ್ಪನೇ ಎತ್ತಿದರು. 'ಸರ, ಮಳಿ ಬಂದ್ರ ಕಾಯಿ ಹೊಲದಾಗ ಮೊಳಕಿ ಒಡೀತಾವ್ರಿ. ಒಂದು ವಾರ ಬಿಡ್ರಿ, ಆಮ್ಯಾಲ ನಿಮ್ಮ ಮಗಾನ ಅಂತ ತಿಳ್ಕೊರಿ.' ಇದಕ್ಕೆ ಏನು ಹೇಳುವುದು? ಆಳಿನ ಕೂಲಿ ಎಷ್ಟಾಗಿದೆ ಅಂತ ನನಗೂ ಗೊತ್ತು.

ಇಷ್ಟೆಲ್ಲ ಆಗಿ ಅಂತರ ಕಾಲೇಜು ಪಂದ್ಯಾವಳಿ ಬಂತು. ಎಲಿಜಿಬಿಲಿಟಿ ಫಾರ್ಮ್, ಫೋಟೋ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್ ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೊಂಡು ಹೋದೆವು. ಮೊದಲ ಪಂದ್ಯಕ್ಕೆ ಎದುರಿನ ಟೀಮೇ ಬರಲಿಲ್ಲ. ವಾಕೋವರ್. ಎರಡನೆಯದು 2-1ರಿಂದ ಗೆದ್ದೆವು, ಎರಡೂ ಗೋಲು ಖೋ-ಖೋ ಹುಡುಗನವು. ಮೂರನೆಯದು ಸಮ ಆಗಿ ಟೈಬ್ರೇಕರ್‌ಗೆ, ಅಂದರೆ ಪೆನಾಲ್ಟಿ ಹೊಡೆತಗಳಿಗೆ ಹೋಯಿತು.

ಅಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ನಮ್ಮ ಕಾಲೇಜಿನ ಮೈದಾನದಲ್ಲಿ ಕಂಬಗಳೇ ಇಲ್ಲ. ಹುಡುಗರು ಎರಡು ಬ್ಯಾಗ್ ಇಟ್ಟು ಅದನ್ನೇ ಗೋಲು ಅಂತ ಆಡಿದವರು. ನಮ್ಮ ಗೋಲಿ ಚುರುಕಿನ ಹುಡುಗ, ಬ್ಯಾಗುಗಳ ನಡುವೆ ಹುಲಿ. ಪೂರಾ ಅಳತೆಯ ಗೋಲಿನಲ್ಲಿ ನಿಂತಾಗ ಪದೇ ಪದೇ ಹಿಂದೆ ತಿರುಗಿ ಕಂಬ ಎಲ್ಲಿದೆ ಅಂತ ನೋಡಿಕೊಳ್ಳುತ್ತಿದ್ದ. 11 ಮೀಟರ್ ದೂರದಿಂದ ಹೊಡೆದ ಚೆಂಡಿಗೆ ಸರಿಯಾದ ಕಡೆಗೇ ಹಾರಿದ, ಮೂರು ಸಲ. ಮೂರು ಸಲವೂ ಕೈ ಒಂದು ಗೇಣು ಕಡಿಮೆ ಬಿತ್ತು. ಅಲ್ಲಿಗೆ ನಮ್ಮ ಸೀಸನ್ ಮುಗಿಯಿತು.

ಜೂನ್‌ನಿಂದ ಶುರುವಾದ ತಯಾರಿಗೆ ಸಿಕ್ಕಿದ್ದು ಎರಡು ಪಂದ್ಯ. ನಮ್ಮದು ಒಳ್ಳೆಯ ಸೀಸನ್ ಅಂತ ಬೇರೆ ಎಲ್ಲರೂ ಬೆನ್ನು ತಟ್ಟಿದರು! ನಾನು ಲೆಕ್ಕದ ಮೇಷ್ಟ್ರು, ಸುಮ್ನೆ ಕೂರಲಾಗಲಿಲ್ಲ. ನಾಕೌಟ್‌ನಲ್ಲಿ, ಅಂದರೆ ಒಮ್ಮೆ ಸೋತರೆ ಹೊರಗೆ ಅನ್ನುವ ಪದ್ಧತಿಯಲ್ಲಿ, 16 ಟೀಮ್ ಇದ್ದರೆ ಒಟ್ಟು 15 ಪಂದ್ಯ. ಎಂಟು ಟೀಮ್ ಒಂದೇ ಪಂದ್ಯ ಆಡಿ ಬಸ್ ಹತ್ತುತ್ತವೆ. ಅದರಲ್ಲಿರುವ ಕೊನೇ ವರ್ಷದ ಹುಡುಗನಿಗೆ ಕಾಲೇಜು ಫುಟ್ಬಾಲ್ ಅಲ್ಲಿಗೇ ಖತಂ. ಒಂದೇ ಪರೀಕ್ಷೆ, ಅದೂ ಓದಿಸದೇ ಇಟ್ಟ ಪರೀಕ್ಷೆ. ಇದು ವಿಶ್ವವಿದ್ಯಾಲಯದ ಟೀಮ್ ಆರಿಸಲು ಸರಿ, ದಿನ ಕಡಿಮೆ, ಖರ್ಚು ಕಡಿಮೆ. ಆಟ ಕಲಿಸಲು ಸರಿಯಲ್ಲ.

2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದದ್ದು ನಿಮಗೆ ನೆನಪಿರಬಹುದು. ಅದಕ್ಕೂ ಹಿಂದೆ ಗೆದ್ದದ್ದು 1968-69ರಲ್ಲಿ, ಆಗಿನ್ನೂ ಮೈಸೂರು ರಾಜ್ಯ. 2023ರಲ್ಲಿ ಗೆದ್ದ ಹುಡುಗರಲ್ಲಿ ಬಹಳಷ್ಟು ಜನ ಬೆಂಗಳೂರಿನ ಕ್ಲಬ್‌ಗಳವರು. ಅಲ್ಲಿ ಲೀಗ್ ಇದೆ. ಇವತ್ತು ಸೋತವನಿಗೆ ಮುಂದಿನ ವಾರ ಮತ್ತೆ ಪಂದ್ಯ ಇರುತ್ತದೆ. ನಮ್ಮ ಹುಡುಗರ ಕಾಲು ಕಮ್ಮಿ ಅಂತ ನನಗೆ ಅನ್ನಿಸಿಲ್ಲ, ಪಂದ್ಯ ಕಮ್ಮಿ.

ಮೊದಲಾದರೆ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಒಳಗೇ ಬೆಳಗಾವಿ ಕಾಲೇಜುಗಳೂ ಇದ್ದವು. 2010ರಲ್ಲಿ ಅವು ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಹೋದವು. ಬೆಳಗಾವಿಯ ಫುಟ್ಬಾಲ್ ಹುಚ್ಚು ಗೊತ್ತಲ್ಲ? ಪೈಪೋಟಿ ಕಡಿಮೆಯಾಯಿತು ಅಂತ ಖುಷಿಪಟ್ಟವರಿದ್ದಾರೆ. ಗಟ್ಟಿ ಟೀಮಿನ ಎದುರು ಆಡುವ ದಾರಿಯೂ ಜೊತೆಗೇ ಹೋಯಿತು ಅನ್ನುವುದು ನನ್ನ ಮಾತು.

ಹಾಗಾಗಿ ಅವಳಿ ನಗರದ ಕಾಲೇಜುಗಳು ತಮ್ಮತಮ್ಮಲ್ಲೇ ಒಂದು ಲೀಗ್ ಮಾಡಿಕೊಳ್ಳಬೇಕು. ಎಂಟು ಕಾಲೇಜು ಸೇರಿದರೆ ಸಾಕು. ಪ್ರತಿ ಟೀಮಿಗೂ ಏಳು ಪಂದ್ಯ, ಒಟ್ಟು 28. ಏಳು ಶನಿವಾರ ಮಧ್ಯಾಹ್ನ, ದಿನಕ್ಕೆ ನಾಲ್ಕು. ಹುಬ್ಬಳ್ಳಿಯಿಂದ ಧಾರವಾಡ 20 ಕಿಲೋಮೀಟರ್ ಚಿಲ್ಲರೆ, ಚಿಗರಿ ಬಸ್ ಇದೆ, ಯಾರೂ ರಾತ್ರಿ ಉಳಿಯಬೇಕಿಲ್ಲ. ಊಟ-ವಸತಿ ಖರ್ಚೇ ಉಳಿಯಿತು. ಬೇಕಾದ್ದು ಒಳ್ಳೆಯ ಚೆಂಡು, ಗೆರೆ ಹಾಕಲು ಸುಣ್ಣದ ಪುಡಿ, ರೆಫರಿಗಳ ಸಂಭಾವನೆ. ಶನಿವಾರ ಮಧ್ಯಾಹ್ನ ಆದ್ದರಿಂದ 75 ಪರ್ಸೆಂಟ್ ಹಾಜರಿಯ ತಕರಾರೂ ಜಾಸ್ತಿ ಬರುವುದಿಲ್ಲ. ಆಗಸ್ಟ್ ಬಿಡಿ, ಹೆಸರು ಮನೆ ಸೇರಲಿ. ಸೆಪ್ಟೆಂಬರ್‌ನಲ್ಲಿ ಶುರು ಮಾಡಿ ಸೆಮಿಸ್ಟರ್ ಪರೀಕ್ಷೆಗೆ ಮುಂಚೆ ಮುಗಿಸೋಣ.

ಕೆಲವು ಕಾಲೇಜುಗಳ ಕ್ರೀಡಾ ವಿಭಾಗದವರ ಜೊತೆ ಮಾತಾಡಿದ್ದೇನೆ. ಒಪ್ಪಿದವರಿದ್ದಾರೆ, 'ನೋಡೋಣ್ರಿ' ಅಂದವರೂ ಇದ್ದಾರೆ. ನಮ್ಮ ಭಾಗದಲ್ಲಿ 'ನೋಡೋಣ್ರಿ' ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸದ್ಯಕ್ಕೆ ಜಗಳ ಇರುವುದು ಮೈದಾನದ್ದು. ಮಳೆ ಹಿಡಿದ ವಾರ ಎರೆ ಮಣ್ಣಿನಲ್ಲಿ ಆಡಲು ಧಾರವಾಡದವರು ಒಲ್ಲೆ ಅಂತಾರೆ. ಅಂಥ ವಾರ ನಾವೇ ಅಲ್ಲಿಗೆ ಹೋಗುವುದು, ಬಸ್ ಚಾರ್ಜ್ ಅರ್ಧ ಅವರು ಕೊಡುವುದು ಅಂತ ಬರೆದು ಕಳಿಸಿದ್ದೇನೆ. ಗೋಲಿನ ಕಂಬಕ್ಕೆ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟಾಗಿದೆ. ಆ ಬಿಲ್ ಯಾವ ಖಾತೆಗೆ ಹಾಕಬೇಕು ಅನ್ನುವುದು ಮಾತ್ರ ಈ ಕಾಮರ್ಸ್ ಮೇಷ್ಟ್ರಿಗೂ ಇನ್ನೂ ಹೊಳೆದಿಲ್ಲ.

ನಮಸ್ಕಾರ.