ಸೀಟು ಸಿಕ್ಕಿತೇ? ಹಾಗಾದರೆ ಈಗ ಹೋಗಿ ಶಾಲೆ ನೋಡಿ

ನಮಸ್ಕಾರ. ಹಾಸನದ ನಮ್ಮ ಮನೆಯ ಮಹಡಿಯ ಕೋಣೆಯಿಂದ ಮಾತನಾಡುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ಹದಿನೈದು ದಿನಗಳಿಂದ ನಮ್ಮ ಬೀದಿಯಲ್ಲಿ ನನಗೆ ಎಲ್ಲಿಲ್ಲದ ಮರ್ಯಾದೆ. ಕಾರಣ ನಾನಲ್ಲ, ನನ್ನ ಮಗಳು. ಐದನೇ ತರಗತಿ ಮುಗಿಸಿದ್ದಾಳೆ. ಎರಡು ವಸತಿ ಶಾಲೆಗಳಲ್ಲಿ ಆರನೇ ತರಗತಿಗೆ ಸೀಟು ಸಿಕ್ಕಿದೆ. ಒಂದು ಸಕಲೇಶಪುರದ ಕಡೆಯ ಸರ್ಕಾರಿ ವಸತಿ ಶಾಲೆ. ಪ್ರವೇಶ ಪರೀಕ್ಷೆ ಬರೆದು, ಪಟ್ಟಿಯಲ್ಲಿ ಹೆಸರು ಬಂದು ಸಿಕ್ಕಿದ್ದು. ಊಟ, ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲವೂ ಉಚಿತ. ಇನ್ನೊಂದು ಘಟ್ಟದ ಕೆಳಗಿನ ಖಾಸಗಿ ಶಾಲೆ. ಅದರ ಶುಲ್ಕ ಎಷ್ಟೆಂದು ಇಲ್ಲಿ ಹೇಳುವುದಿಲ್ಲ. ನಮ್ಮ ಮಾವನವರೂ ಈ ವಿಡಿಯೊ ನೋಡುತ್ತಾರೆ.

ಎದುರಿಗೆ ಸಿಕ್ಕವರೆಲ್ಲ ಎಲ್ಲಿಗೆ ಸೇರಿಸುತ್ತೀರಿ ಎಂದು ಕೇಳುತ್ತಾರೆ. ಇನ್ನೊಮ್ಮೆ ಹೋಗಿ ನೋಡಿ ಬಂದು ತೀರ್ಮಾನ ಮಾಡುತ್ತೇವೆ ಎಂದರೆ ನನ್ನ ಮುಖವನ್ನೇ ನೋಡುತ್ತಾರೆ. "ಸೀಟೇ ಸಿಕ್ಕಿದ ಮೇಲೆ ಇನ್ನು ನೋಡುವುದೇನಮ್ಮ?" ನಿನ್ನೆ ಪಕ್ಕದ ಮನೆಯ ಅಜ್ಜಿ ಕೇಳಿದ್ದೂ ಇದನ್ನೇ. ಅಜ್ಜಿಗೆ ಅರ್ಧ ಉತ್ತರ ಕೊಟ್ಟು ಬಂದೆ. ಉಳಿದರ್ಧವನ್ನು ನಿಮ್ಮ ಮುಂದೆ ಹೇಳುತ್ತೇನೆ. ನನ್ನ ಪ್ರಕಾರ ವಸತಿ ಶಾಲೆಯನ್ನು ಸರಿಯಾಗಿ ನೋಡಲು ಆಗುವುದೇ ಸೀಟು ಸಿಕ್ಕ ಮೇಲೆ.

ಅದಕ್ಕಿಂತ ಮೊದಲು ನಾವು ನೋಡುವುದಿಲ್ಲ, ನಮ್ಮನ್ನು ಅವರು ನೋಡುತ್ತಾರೆ. ಜನವರಿಯಲ್ಲಿ ಆ ಖಾಸಗಿ ಶಾಲೆಗೆ ಹೋಗಿದ್ದೆವು. ನನ್ನವರು ಮದುವೆಗೆ ಹೊಲಿಸಿದ ಷರಟು ಹಾಕಿಕೊಂಡಿದ್ದರು. ಸ್ವಾಗತಕ್ಕೆ ನಿಂತಿದ್ದ ಹುಡುಗಿ ಈಜುಕೊಳ ತೋರಿಸಿದಳು, ಪ್ರಯೋಗಾಲಯ ತೋರಿಸಿದಳು, ಕುದುರೆಯನ್ನೂ ತೋರಿಸಿದಳು. ಒಂದೇ ಕುದುರೆ. ಸಾವಿರ ಮಕ್ಕಳಿಗೆ ಒಂದು ಕುದುರೆ ಹೇಗೆ ಸಾಕಾಗುತ್ತದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕೇಳಿದರೆ ಮಗಳ ಅರ್ಜಿ ಅಡಿಗೆ ಹೋದೀತು ಎಂಬ ಭಯ. ಮಕ್ಕಳು ಮಲಗುವ ಕೋಣೆ ನೋಡಬಹುದೇ ಎಂದದ್ದಕ್ಕೆ "ಅದು ಪ್ರವೇಶ ಆದ ಮೇಲೆ ಮೇಡಂ" ಎಂದಳು. ತಲೆಯಾಡಿಸಿ ಬಂದೆವು. ಕೈ ಮುಗಿದು ನಿಂತವರಿಗೆ ಬಾಯಿ ಬರುವುದಿಲ್ಲ.

ಈಗ ಪ್ರವೇಶ ಆಗಿದೆಯಲ್ಲ. ಈಗ ಕಾಯುವ ಸರದಿ ಅವರದು. ನನ್ನ ಬಾಯಿಯೂ ಬಂದಿದೆ.

ಆದರೆ ಈ ಸರದಿಗೆ ಆಯಸ್ಸು ಬಹಳ ಕಡಿಮೆ. ಸೀಟು ಸಿಕ್ಕಿದೆ ಎಂಬ ಸಂದೇಶದ ಬೆನ್ನಿಗೇ ಇನ್ನೊಂದು ಸಂದೇಶ ಬಂತು: ಮೂರು ದಿನದೊಳಗೆ ಮುಂಗಡ ಕಟ್ಟದಿದ್ದರೆ ಸೀಟು ಮುಂದಿನವರಿಗೆ. ಕಟ್ಟಿದ ಹಣ ಹಿಂತಿರುಗಿಸುವುದಿಲ್ಲ ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅಮೆರಿಕದ ಫಿಲಿಪ್ಸ್ ಎಕ್ಸೆಟರ್, ಆಂಡೋವರ್‌ನಂಥ ಹಳೆಯ ವಸತಿ ಶಾಲೆಗಳಲ್ಲಿ ಮಾರ್ಚ್ 10ಕ್ಕೆ ಫಲಿತಾಂಶ ತಿಳಿಸಿ, ಬರುತ್ತೀರೋ ಇಲ್ಲವೋ ಹೇಳಲು ಏಪ್ರಿಲ್ 10ರವರೆಗೆ ಸಮಯ ಕೊಡುವ ರೂಢಿಯಿದೆ. ಆ ಒಂದು ತಿಂಗಳಲ್ಲಿ, ಆಯ್ಕೆಯಾದ ಮಕ್ಕಳನ್ನು ಮತ್ತೊಮ್ಮೆ ಕರೆಸಿ, ತರಗತಿಯಲ್ಲಿ ಕೂರಿಸಿ, ಅಲ್ಲಿನ ಮಕ್ಕಳ ಜೊತೆ ಊಟಕ್ಕೆ ಬಿಡುತ್ತಾರೆ. ಅವರ ಶುಲ್ಕ ನಮಗೆ ಬೇಡ, ಅವರ ಕುದುರೆಗಳೂ ಬೇಡ. ಆ ಒಂದು ತಿಂಗಳು ಮಾತ್ರ ನಮಗೂ ಇದ್ದಿದ್ದರೆ ಎಂದು ಹೊಟ್ಟೆ ಉರಿಯುತ್ತದೆ. ನಮ್ಮಲ್ಲಿ ಸೀರೆ ಅಂಗಡಿಯವರು ಕೂಡ ಮೂರು ದಿನಕ್ಕಿಂತ ಹೆಚ್ಚು ಕಾಯುತ್ತಾರೆ.

ಸರಿ, ಹೋದರೆ ಏನು ನೋಡಬೇಕು? ಫಲಿತಾಂಶವನ್ನು ನೋಡಲು ಶಾಲೆಗೆ ಹೋಗಬೇಕಾಗಿಲ್ಲ. ಅದನ್ನು ಎನ್.ಆರ್. ವೃತ್ತದಲ್ಲಿ ಫ್ಲೆಕ್ಸ್ ಹಾಕಿ ತೋರಿಸುತ್ತಾರೆ. ಅಂದ ಹಾಗೆ, 2019ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂದದ್ದು ನಮ್ಮ ಹಾಸನ ಜಿಲ್ಲೆ. ಹಾಗಿದ್ದೂ ಅಂಕಕ್ಕಾಗಿ ಮಕ್ಕಳನ್ನು ಘಟ್ಟ ಇಳಿಸುವುದನ್ನು ನಾವು ಬಿಟ್ಟಿಲ್ಲ. ಆ ವಿಷಯ ಇನ್ನೊಂದು ದಿನಕ್ಕಿರಲಿ.

ನಾನು ಮೊದಲು ನೋಡುವುದು ಬಟ್ಟೆ ಒಣಗಿಸುವ ಜಾಗ. ನಗಬೇಡಿ. ನಾನು ಕೊಪ್ಪದ ಕಡೆ ಹಾಸ್ಟೆಲಿನಲ್ಲಿದ್ದು ಓದಿದವಳು. ಅಲ್ಲಿ ಜೂನ್ ಎರಡನೇ ವಾರ ಹಿಡಿದ ಮಳೆ ಗೌರಿ ಹಬ್ಬದವರೆಗೂ ಬಿಡುತ್ತಿರಲಿಲ್ಲ. ಮನೆಯಲ್ಲಾದರೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹೇಗೋ ಒಣಗಿಸುತ್ತಾರೆ. ಹಾಸ್ಟೆಲಿನಲ್ಲಿ ಅರವತ್ತು ಹುಡುಗಿಯರ ಲಂಗಗಳಿಗೆ ಇದ್ದದ್ದು ವರಾಂಡದ ಎರಡು ತಂತಿ. ದೊಡ್ಡ ಹುಡುಗಿಯರ ಬಟ್ಟೆಗಳಾದ ಮೇಲೆ ಜಾಗ ಉಳಿದರೆ ನಮ್ಮದು. ಕಾಲುಚೀಲವನ್ನು ರಾತ್ರಿ ದಿಂಬಿನ ಅಡಿ ಇಟ್ಟುಕೊಂಡು ಮಲಗುತ್ತಿದ್ದೆ, ಮೈ ಶಾಖಕ್ಕಾದರೂ ಒಣಗಲಿ ಎಂದು. ಬೆಳಿಗ್ಗೆ ಅದು ಬೆಚ್ಚಗಿರುತ್ತಿತ್ತು, ಆದರೆ ಒದ್ದೆಯೇ ಇರುತ್ತಿತ್ತು. ಆ ಆಗಸ್ಟ್‌ನಲ್ಲಿ ಹುಳುಕಡ್ಡಿ ಆಗದ ಹುಡುಗಿಯೇ ನಮ್ಮ ಕೋಣೆಯಲ್ಲಿರಲಿಲ್ಲ. ನನ್ನನ್ನು ಸೇರಿಸಲು ಬಂದ ಅಪ್ಪ ಕಟ್ಟಡ ನೋಡಿದ್ದರು, ದೇವರ ಫೋಟೊ ನೋಡಿದ್ದರು, ಹೆಡ್‌ಮಾಸ್ತರರ ಜೊತೆ ಅಡಿಕೆ ಧಾರಣೆ ಮಾತನಾಡಿದ್ದರು. ತಂತಿಗಳನ್ನು ಎಣಿಸಿರಲಿಲ್ಲ.

ಹಾಗಾಗಿ ಕಳೆದ ವಾರ ಸಕಲೇಶಪುರದ ಕಡೆಯ ಆ ಶಾಲೆಗೆ ಹೋದಾಗ ನಾನು ನೇರವಾಗಿ ಹಿಂಬದಿಗೆ ನಡೆದೆ. ರಜೆಯಲ್ಲೂ ಹತ್ತನೇ ತರಗತಿಯ ಹುಡುಗಿಯರಿಗೆ ಪಾಠ ನಡೆಯುತ್ತಿತ್ತು, ಅದು ನಮ್ಮ ಪುಣ್ಯ. ಹಿಂದೆ ತಗಡಿನ ಮಾಡು ಇಳಿಸಿ, ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಕಟ್ಟಿದ್ದರು. ಹದಿನಾಲ್ಕು ಸಾಲು. ಎಣಿಸಿದೆ. ಅಷ್ಟರ ಮಟ್ಟಿಗೆ ಸಂತೋಷವಾಯಿತು. ಆಮೇಲೆ ಸ್ನಾನದ ಮನೆಗೆ ಹೋದೆ. ಆರು ಬಾಗಿಲುಗಳಲ್ಲಿ ಎರಡಕ್ಕೆ ಚಿಲಕವಿರಲಿಲ್ಲ. ಒಂದಕ್ಕೆ ದುಪಟ್ಟಾದ ಅಂಚು ಹರಿದು ಕಟ್ಟಿದ್ದರು, ಒಳಗಿನಿಂದ ಎಳೆದು ಹಿಡಿದುಕೊಳ್ಳಲು. ಆ ಅಂಚು ಹಿಡಿದು ಹಿಡಿದು ಕಪ್ಪಾಗಿತ್ತು. ಬಹಳ ದಿನಗಳಿಂದ ಇರುವ ಏರ್ಪಾಡು ಎಂದು ಅದನ್ನು ನೋಡಿದರೇ ತಿಳಿಯುತ್ತಿತ್ತು. ಅಂಗಡಿಗೆ ಹೋದರೆ ಎರಡು ಚಿಲಕಕ್ಕೆ ಎಷ್ಟಾಗುತ್ತದೆ? ವಾರ್ಡನ್ ಮೇಡಂ ಅವರಿಗೆ ತೋರಿಸಿದೆ. ಅವರು ಬೇಸರ ಮಾಡಿಕೊಳ್ಳದೆ, ಬರೆದು ಕೊಟ್ಟು ಐದು ತಿಂಗಳಾಯಿತು ಎಂದು ಪುಸ್ತಕ ತೆಗೆದು ತೋರಿಸಿದರು. ಆ ಪುಸ್ತಕವನ್ನು ತೋರಿಸಿದ್ದಕ್ಕೇ ಅವರ ಮೇಲೆ ನನಗೆ ನಂಬಿಕೆ ಬಂತು. ಚಿಲಕದ ವಿಷಯದಲ್ಲಿ ಸಿಟ್ಟು ಹಾಗೆಯೇ ಇದೆ.

ಎರಡನೆಯದು ಒಂದು ಪ್ರಶ್ನೆ, ಮಕ್ಕಳನ್ನು ಕೇಳಬೇಕಾದದ್ದು. ಊಟ ಚೆನ್ನಾಗಿದೆಯಾ ಎಂದು ಕೇಳಿದರೆ ಪ್ರಯೋಜನವಿಲ್ಲ, ಎಲ್ಲ ಮಕ್ಕಳೂ ಚೆನ್ನಾಗಿದೆ ಎನ್ನುತ್ತಾರೆ. ಹೀಗೆ ಕೇಳಿ: "ರಾತ್ರಿ ಹನ್ನೆರಡಕ್ಕೆ ಹೊಟ್ಟೆನೋವು ಬಂದರೆ ಯಾರನ್ನು ಎಬ್ಬಿಸುತ್ತೀಯ?" ಸಕಲೇಶಪುರದ ಹುಡುಗಿ ಯೋಚಿಸಲೇ ಇಲ್ಲ. ಇಂಥ ಅಕ್ಕನನ್ನು ಎಬ್ಬಿಸುತ್ತೇನೆ, ಅವರು ಮೇಡಂನ ಕರೆಯುತ್ತಾರೆ, ಮೇಡಂ ಪಕ್ಕದ ಕೋಣೆಯಲ್ಲೇ ಮಲಗುತ್ತಾರೆ ಎಂದಳು. ಘಟ್ಟದ ಕೆಳಗಿನ ಶಾಲೆಯಲ್ಲಿ ಇದೇ ಪ್ರಶ್ನೆ ಕೇಳಿದಾಗ ಹುಡುಗ ಉತ್ತರಿಸುವ ಮೊದಲು ಪಕ್ಕದಲ್ಲಿ ನಿಂತಿದ್ದ ಮೇಲ್ವಿಚಾರಕರ ಮುಖ ನೋಡಿದ. ಉತ್ತರ ಸರಿಯಾಗಿಯೇ ಕೊಟ್ಟ, ಅಲ್ಲಿ ದಾದಿಯೂ ಇದ್ದಾರಂತೆ. ಆದರೆ ಆ ನೋಟ ನನ್ನ ಮನಸ್ಸಿನಿಂದ ಹೋಗಿಲ್ಲ.

ಅದೇ ಶಾಲೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಎಂದು ದೊಡ್ಡದಾಗಿ ಬರೆಸಿದ್ದರು. ಕರೆ ಮಾಡಲು ಫೋನ್ ಎಲ್ಲಿದೆ ಎಂದು ಕೇಳಿದೆ. ಕಚೇರಿಯಲ್ಲಿದೆಯಂತೆ. ಕಚೇರಿಗೆ ಐದು ಗಂಟೆಗೆ ಬೀಗ.

ಇನ್ನು ದಾರಿ. ನಮ್ಮ ಜಿಲ್ಲೆಯವರು, ಚಿಕ್ಕಮಗಳೂರಿನವರು ಇದನ್ನು ಮರೆಯಲೇಬಾರದು. ಬೇಸಿಗೆಯಲ್ಲಿ ಶಿರಾಡಿ ಇಳಿದು ಮೂರು ಮೂರೂವರೆ ಗಂಟೆಯಲ್ಲಿ ಶಾಲೆ ಮುಟ್ಟಿ, "ಹತ್ತಿರವೇ ಇದೆ" ಎಂದುಕೊಂಡು ಬರುತ್ತೇವೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯ ಗುಡ್ಡಗಳು ಜರಿದು ದಾರಿ ಮುಚ್ಚಿತ್ತು. 2024ರ ಜುಲೈನಲ್ಲಿ ಸಕಲೇಶಪುರದ ಆಚೆ ಹೆದ್ದಾರಿಯ ಮೇಲೇ ಮಣ್ಣು ಕುಸಿದು ಶಿರಾಡಿಯಲ್ಲಿ ಸಂಚಾರ ನಿಂತಿತ್ತು. ಮಗುವಿಗೆ ಜ್ವರ ಎಂದು ಫೋನ್ ಬರುವುದು ಇಂಥ ದಿನವೇ. ಮೇ ತಿಂಗಳಿನಲ್ಲಿ ಎ.ಸಿ. ಕಾರಿನಲ್ಲಿ ಹೋಗಿ ಬಂದವರು, ಜುಲೈನ ರಾತ್ರಿ ಸರ್ಕಾರಿ ಬಸ್ಸಿನಲ್ಲಿ ಅದೇ ದಾರಿ ಹೋಗಬೇಕಾದರೆ ಹೇಗೆ ಎಂದು ಒಮ್ಮೆ ಲೆಕ್ಕ ಹಾಕಬೇಕು.

ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯಕ್ಕೆ ಆಯ್ಕೆಯಾದವರ ಕಥೆ ಸ್ವಲ್ಪ ಬೇರೆ. ಅಲ್ಲಿ ಆಯಾ ಜಿಲ್ಲೆಯ ಮಕ್ಕಳಿಗೆ ಆಯಾ ಜಿಲ್ಲೆಯ ಶಾಲೆಯೇ. ನಮ್ಮವರಿಗೆ ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆ, ಚಿಕ್ಕಮಗಳೂರಿನವರಿಗೆ ಬಾಳೆಹೊನ್ನೂರಿನ ಬಳಿಯ ಸೀಗೋಡು. ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ, ಪರೀಕ್ಷೆ ಬರೆಯಲು ಒಂದೇ ಅವಕಾಶ. ಇಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಒಂಬತ್ತನೇ ತರಗತಿಯಲ್ಲಿ ಸುಮಾರು ಶೇ 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ಪ್ರದೇಶದ ನವೋದಯಕ್ಕೆ ಕಳುಹಿಸುವ ಪದ್ಧತಿ ಅಲ್ಲಿದೆ. ನಮ್ಮ ಬೀದಿಯಲ್ಲಿ ಆಯ್ಕೆಯಾದ ಹುಡುಗನ ತಾಯಿಗೆ ಇದು ಗೊತ್ತೇ ಇರಲಿಲ್ಲ. ದಾಖಲೆ ಪರಿಶೀಲನೆಗೆ ಹೇಗೂ ಹೋಗಲೇಬೇಕಲ್ಲ, ಆವತ್ತೇ ಒಂಬತ್ತನೇ ತರಗತಿಯಲ್ಲಿ ಹಾಗೆ ಬೇರೆ ಕಡೆ ಹೋಗಿಬಂದ ಮಕ್ಕಳನ್ನು ಮಾತನಾಡಿಸಿಬನ್ನಿ ಎಂದೆ. ಹೋಗಿಬಂದರು. ಅಲ್ಲಿ ಒಂದು ವರ್ಷ ಮುದ್ದೆಯಿಲ್ಲದೆ ಕಳೆದ ಹುಡುಗನೊಬ್ಬ ಇವರಿಗೆ ಹಿಂದಿಯಲ್ಲಿ ಹಾಡು ಹೇಳಿ ತೋರಿಸಿದನಂತೆ. ಈಗ ಆ ತಾಯಿಗೆ ಭಯವೂ ಇದೆ, ಹೆಮ್ಮೆಯೂ ಇದೆ. ಗೊತ್ತಿದ್ದು ಭಯಪಡುವುದು ಒಳ್ಳೆಯದೇ.

ಇಷ್ಟು ಹೇಳಿದ ಮೇಲೆ ನನಗೆ ನಾನೇ ಹಾಕಿಕೊಂಡ ಒಂದು ಆಕ್ಷೇಪಣೆಯಿದೆ. ನಾನು ಹೋಗಿ ನೋಡಿದೆ, ಸರಿ. ನನಗೆ ರಜೆ ಸಿಕ್ಕಿತು, ಬಸ್ಸಿಗೆ ದುಡ್ಡಿತ್ತು. ಮೂಡಿಗೆರೆಯ ತೋಟದಲ್ಲಿ ಕೂಲಿ ಮಾಡುವ ತಾಯಿ ಏನು ಮಾಡಬೇಕು? ಒಂದು ದಿನ ಶಾಲೆ ನೋಡಲು ಹೋದರೆ ಆ ದಿನದ ಕೂಲಿ ಹೋಯಿತು. ಹೋದರೂ, ಬಚ್ಚಲಿನ ಬಾಗಿಲು ತೆರೆದು ನೋಡುತ್ತೇನೆ ಎಂದು ಆಕೆ ಹೇಳಿದರೆ ಗೇಟಿನವನು ಒಳಗೆ ಬಿಡುತ್ತಾನೆಯೇ? ಸರ್ಕಾರಿ ವಸತಿ ಶಾಲೆಗಳಿಗೆ ಹೆಚ್ಚು ಬರುವುದು ಆಕೆಯ ಮಕ್ಕಳೇ ಹೊರತು ನನ್ನಂಥವರ ಮಕ್ಕಳಲ್ಲ. ಹಾಗಾಗಿ ಇದನ್ನು ಪೋಷಕರ ಜಾಣತನಕ್ಕೆ ಬಿಟ್ಟು ಕೂರಬಾರದು. ಸೀಟು ಹಂಚಿಕೆಯ ಪಟ್ಟಿ ಬಿಟ್ಟ ಮೇಲೆ, ಸೇರುವ ಕೊನೆಯ ದಿನಕ್ಕೆ ಮೊದಲು, ಒಂದು ಭಾನುವಾರವನ್ನು "ಶಾಲೆ ನೋಡುವ ದಿನ" ಎಂದು ಇಲಾಖೆಯೇ ಗೊತ್ತುಮಾಡಲಿ. ಬರುವ ಪೋಷಕರಿಗೆ, ಮಗುವಿಗೆ ಆ ದಿನದ ಬಸ್ ಪ್ರಯಾಣ ಉಚಿತವಾಗಿರಲಿ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಈಗಾಗಲೇ ಉಚಿತ, ಅಪ್ಪಂದಿರಿಗೂ ಒಂದು ದಿನ ಕೊಟ್ಟರೆ ಬೊಕ್ಕಸ ಬರಿದಾಗುವುದಿಲ್ಲ. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಮೂರೂ ತೆರೆದಿರಲಿ. ಮಧ್ಯಾಹ್ನ ಮಕ್ಕಳ ಪಂಕ್ತಿಯಲ್ಲೇ ಊಟ ಹಾಕಲಿ. ಖಾಸಗಿಯವರಿಗೂ ಒಂದು ಮಾತು: ಕೋಣೆ ತೋರಿಸುವ ಮೊದಲು ಮುಂಗಡ ಕೇಳಬೇಡಿ.

ಅದಾಗುವ ತನಕ ಒಂದು ದಾರಿಯಿದೆ. ಪೋಷಕರ ಭೇಟಿಯ ಭಾನುವಾರ ಯಾವುದೆಂದು ತಿಳಿದುಕೊಂಡು, ಒಳಗೆ ಬಿಡದಿದ್ದರೂ ಪರವಾಗಿಲ್ಲ, ಗೇಟಿನ ಹೊರಗೆ ಮರದಡಿ ಕೂತುಕೊಳ್ಳಿ. ಚಿತ್ರಾನ್ನದ ಡಬ್ಬಿ, ಚಕ್ಕುಲಿ ಪೊಟ್ಟಣ ಹಿಡಿದು ಬಂದ ಅಪ್ಪ ಅಮ್ಮಂದಿರು ಅಲ್ಲಿರುತ್ತಾರೆ. ಡಬ್ಬಿಯ ಮುಚ್ಚಳ ತೆರೆದ ಕೂಡಲೇ ಮಗು ಹೇಗೆ ತಿನ್ನುತ್ತದೆ ಎಂದು ಸುಮ್ಮನೆ ನೋಡಿ. ಮೆಸ್ಸಿನ ಊಟದ ಬಗ್ಗೆ ಬೇರೆ ಯಾರನ್ನೂ ಕೇಳಬೇಕಾಗುವುದಿಲ್ಲ.

ಮಗಳ ವಿಷಯಕ್ಕೆ ಬರುತ್ತೇನೆ. ಎರಡು ಶಾಲೆಗಳಿಗೂ ಅವಳನ್ನು ಕರೆದುಕೊಂಡು ಹೋಗಿದ್ದೆವು. ಮಕ್ಕಳನ್ನು ಕೇಳಿ ಶಾಲೆಗೆ ಸೇರಿಸುತ್ತಾರೆಯೇ ಎಂದು ಮಾವನವರು ಗೊಣಗಿದರು. ಐದು ವರ್ಷ ಅಲ್ಲಿ ಮಲಗಿ ಏಳುವವಳು ಅವಳೇ ಮಾವ ಎಂದೆ. ಘಟ್ಟದ ಕೆಳಗಿನಿಂದ ಬರುವಾಗ ಗುಂಡ್ಯ ದಾಟುವವರೆಗೂ ಅವಳು ಮಾತನಾಡಲಿಲ್ಲ. ಆಮೇಲೆ, "ಅಮ್ಮ, ಅಲ್ಲಿ ಆಟಕ್ಕೆ ಬಿಟ್ಟಾಗಲೂ ಯಾರೂ ಓಡಲಿಲ್ಲ" ಎಂದಳು. ಸಾಲಾಗಿ ನಡೆದು ಹೋದರಂತೆ, ಕೈ ಹಿಂದೆ ಕಟ್ಟಿಕೊಂಡು. ಆ ಹೊತ್ತಿನಲ್ಲಿ ನಾನು ಗ್ರಂಥಾಲಯದ ಪುಸ್ತಕ ಎಣಿಸುತ್ತಿದ್ದೆ. ಸಕಲೇಶಪುರದ ಶಾಲೆಯ ಬಗ್ಗೆಯೂ ಅವಳ ದೂರಿದೆ. ಚಿಲಕವಿಲ್ಲದ ಬಚ್ಚಲಿಗೆ ಹೋಗುವುದಿಲ್ಲವಂತೆ. ಸರಿಯಾದ ಮಾತೇ. ಇವರು ನಿನ್ನೆ ಎರಡು ಚಿಲಕ, ಎಂಟು ಸ್ಕ್ರೂ ತಂದಿಟ್ಟಿದ್ದಾರೆ. ಹಾಕಲು ಅನುಮತಿ ಕೊಡುತ್ತಾರೆಯೇ ಎಂದು ವಾರ್ಡನ್ ಮೇಡಂಗೆ ಫೋನ್ ಮಾಡಬೇಕು.

ಶುಕ್ರವಾರ ಕೊನೆಯ ದಿನ. ಟ್ರಂಕು ತಂದಾಗಿದೆ, ಮುಚ್ಚಳದ ಮೇಲೆ ಹೆಸರು ಬರೆಸಿಯೂ ಆಗಿದೆ. ಹೆಸರಿನ ಕೆಳಗೆ ಶಾಲೆಯ ಹೆಸರು ಏನು ಬರೆಯಲಿ ಎಂದು ಪೇಂಟರ್ ಕೇಳಿದರು. ನಾನು ಮಗಳ ಕಡೆ ನೋಡಿದೆ, ಅವಳು ಟ್ರಂಕಿನ ಚಿಲಕ ಹಾಕಿ ತೆಗೆದು ನೋಡುತ್ತಿದ್ದಳು. ಸದ್ಯಕ್ಕೆ ಜಾಗ ಬಿಡಿ ಎಂದೆ.