ಗೋಡೆಯೊಳಗಿನ ಎಲ್ಬೋ

ಕೇಳುಗರೆಲ್ಲರಿಗೂ ನಮಸ್ಕಾರ. ಮನೆ ಕೆಲಸ ಮಾಡಿಸುವಾಗ ಎಲ್ಲಿ ದುಡ್ಡು ಉಳಿಸಬೇಕು, ಎಲ್ಲಿ ಉಳಿಸಬಾರದು ಅನ್ನುವುದು ಇವತ್ತಿನ ಮಾತು.

ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿದೆ. ಏಳು ವರ್ಷದ ಹಿಂದೆ ಬಚ್ಚಲುಮನೆ ಹೊಸದಾಗಿ ಮಾಡಿಸಿದೆವು. ಟೈಲ್ಸ್ ಆರಿಸಲಿಕ್ಕೆ ಮೂರು ಸಲ ಹುಬ್ಬಳ್ಳಿಗೆ ಹೋಗಿಬಂದೆ. ಕಡೆಗೆ ಸಿಕ್ಕಿದ್ದು ತಿಳಿಹಸಿರು ಬಣ್ಣದ್ದು, ಮೇಲೆ ಸಣ್ಣ ಸಣ್ಣ ಎಲೆ. ಶವರ್ ಅಂತೂ ಊಟದ ತಟ್ಟೆಯಷ್ಟು ಅಗಲ. 4,800 ರೂಪಾಯಿ ಎಣಿಸಿಕೊಟ್ಟೆ, ಕೈ ಹಿಂದೆ ಬರಲಿಲ್ಲ.

ಅದೇ ದಿನ ಪ್ಲಂಬರ್ ಹುಡುಗ ಕೇಳಿದ: "ಅಕ್ಕಾರ, ಗೋಡಿ ಒಳಗ ನಳ ಕೂಡಿಸೋ ಎಲ್ಬೋ ಎಂಥಾದ್ದು ತರ್ಲಿ? ಹಿತ್ತಾಳಿ ಥ್ರೆಡ್ ಇರೋದೋ, ಬರೇ ಪ್ಲಾಸ್ಟಿಕ್ಕೋ?" ಎಲ್ಬೋ ಅಂದರೆ ಪೈಪಿನ ಕೊನೆಗೆ ಕೂಡಿಸುವ, ಮೊಣಕೈ ಹಾಗೆ ಬಾಗಿದ ತುಂಡು; ಥ್ರೆಡ್ ಅಂದರೆ ನಳವನ್ನು ತಿರುವಿ ಕೂಡಿಸುವ ಅದರೊಳಗಿನ ತಿರುಪು. ಏಳು ಎಲ್ಬೋ ಬೇಕಿತ್ತು. ಎಲ್ಲ ಸೇರಿ 600 ರೂಪಾಯಿ ವ್ಯತ್ಯಾಸ. "ಗೋಡೆಯೊಳಗೆ ಯಾರು ನೋಡ್ತಾರಪ್ಪ, ಪ್ಲಾಸ್ಟಿಕ್ಕೇ ತಾ" ಎಂದೆ. ಬಹಳ ಜಾಣತನ ಮಾಡಿದೆ ಅನ್ನಿಸಿತ್ತು.

ಮೂರನೇ ಮಳೆಗಾಲದಲ್ಲಿ ಬಚ್ಚಲಿನ ಆಚೆ ಬದಿ, ಅಂದರೆ ಮಲಗುವ ಕೋಣೆಯ ಗೋಡೆ ಒದ್ದೆಯಾಯಿತು. ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಧಾರವಾಡದ ಜಿಟಿಜಿಟಿ ಮಳೆ, ಇನ್ನೇನು ಆಗುತ್ತದೆ ಅಂತ ಮಳೆಯನ್ನೇ ಬೈದೆವು. ಕೆರೆದು, ಪುಟ್ಟಿ ಹಚ್ಚಿಸಿ, ಅಂಗಡಿಯವರು ಹೇಳಿದ ದುಬಾರಿ ಬಣ್ಣ ಬಳಿಸಿದೆವು. ಸಂಕ್ರಾಂತಿ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಕಲೆ. ಸಂಕ್ರಾಂತಿಗೆ ಎಲ್ಲಿಯ ಮಳೆ? ಆಗ ತಲೆಗೆ ಹೊಳೆಯಿತು.

ಹಳೆಯ ಗೌಂಡಿ ಒಬ್ಬರು ಬಂದು ಗೋಡೆ ಬಡಿದು ನೋಡಿದರು. "ನಳ ಕೆಟ್ರ ತಿರುವಿ ತೆಗೀಬಹುದ್ರಿ ಅಕ್ಕಾರ. ಒಳಗಿಂದು ಕೆಟ್ರ ಗೋಡೀನ ಒಡೀಬೇಕು" ಎಂದರು. ಒಡೆದರು. ನಳ ಬಿಗಿಯುವಾಗ ಪ್ಲಾಸ್ಟಿಕ್ ಥ್ರೆಡ್ ಕೂದಲೆಳೆಯಷ್ಟು ಸೀಳಿತ್ತು. ಅಲ್ಲಿಂದ ಹನಿ ಹನಿ ನೀರು ಗೋಡೆ ಕುಡಿಯುತ್ತಿತ್ತು. ನಾಲ್ಕು ಟೈಲ್ಸ್ ಹೋದವು. ಅಂಥದೇ ನಾಲ್ಕು ತರೋಣವೆಂದರೆ, "ಆ ಡಿಸೈನ್ ಈಗ ಬರೋದಿಲ್ಲರೀ ಮೇಡಂ." ಆ ಗೋಡೆಗೆ ಪೂರ್ತಿ ಬೇರೆ ಟೈಲ್ಸ್ ಹಾಕಿಸಬೇಕಾಯಿತು. ಕೂಲಿ, ಸಾಮಾನು, ಬಣ್ಣ ಎಲ್ಲ ಸೇರಿ 19,000.

ಆವತ್ತಿನಿಂದ ಏನೇ ಕೊಳ್ಳುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಕೆಟ್ಟರೆ, ಇದನ್ನು ಮುಟ್ಟಲಿಕ್ಕೆ ಇನ್ನೇನೇನು ಒಡೆಯಬೇಕು? ಏನೂ ಒಡೆಯಬೇಕಿಲ್ಲ ಅಂದರೆ ಸಸ್ತಾದ್ದೇ ಇರಲಿ. ಗೋಡೆ ಒಡೆಯಬೇಕು ಅಂದರೆ ಚೌಕಾಸಿ ಬೇಡ.

ಕರೆಂಟ್ ವಯರ್ ನೋಡಿ. ಅದೂ ಗೋಡೆಯೊಳಗಿನದು. ದೀಪಕ್ಕೆ, ಫ್ಯಾನಿಗೆ 1.5 ಚದರ ಮಿಲಿಮೀಟರಿನ ತಾಮ್ರದ ವಯರ್ ಸಾಕು. ಗೀಸರಿಗೆ ಅದು ಸಾಲದು. 2,000 ವ್ಯಾಟಿನ ಗೀಸರ್ ಎಂಟೊಂಬತ್ತು ಆಂಪಿಯರ್ ಎಳೆಯುತ್ತದೆ. ಅದಕ್ಕೆ 2.5, ಇಲ್ಲವೇ 4 ಹಾಕುತ್ತಾರೆ. ಸಣ್ಣ ವಯರ್ ಹಾಕಿ ಉಳಿಸಿದ ದುಡ್ಡು ಒಳಗೊಳಗೇ ಬಿಸಿಯಾಗುತ್ತಿರುತ್ತದೆ. ಐಎಸ್‌ಐ ಗುರುತು ನೋಡಿಯೇ ತನ್ನಿ. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಶಾಕ್ ಹೊಡೆದರೆ ತಟ್ಟನೆ ಕರೆಂಟ್ ಕತ್ತರಿಸುವುದು ಅದೇ. ಸ್ವಿಚ್ಚಿನ ಅಂದಚಂದ ಆಮೇಲೆ. ಸ್ವಿಚ್ ಯಾವಾಗ ಬೇಕಾದರೂ ಬದಲಿಸಬಹುದು, ಅಲ್ವಾ?

ಅಡುಗೆಮನೆ ಕಪಾಟಿನಲ್ಲೂ ಇದೇ ಲೆಕ್ಕ. ಸಿಂಕಿನ ಕೆಳಗಿನ ಪೆಟ್ಟಿಗೆಗೆ ನೀರು ತಪ್ಪಿದ್ದಲ್ಲ. ಅಲ್ಲಿಗೆ ಐಎಸ್ 710 ಎಂದು ಅಚ್ಚಾದ, ನೀರು ತಡೆಯುವ ಪ್ಲೈವುಡ್ ಬೇಕು. ಮೇಲಿನ ಒಣ ಕಪಾಟಿಗೆ ಐಎಸ್ 303 ಸಾಕು, ದರವೂ ಕಡಿಮೆ. ಎಲ್ಲಕ್ಕೂ ದುಬಾರಿಯದೇ ಹಾಕಿ ಎನ್ನುವವರೂ ಇದ್ದಾರೆ, ಎಲ್ಲಕ್ಕೂ ಸಸ್ತಾದ್ದು ಹಾಕಿ ಎನ್ನುವವರೂ ಇದ್ದಾರೆ. ಇಬ್ಬರೂ ನಿಮ್ಮ ಸಿಂಕ್ ನೋಡಿರುವುದಿಲ್ಲ.

ಇನ್ನು ನಮ್ಮ ಮಣ್ಣಿನ ವಿಷಯ. ನವಲಗುಂದ, ಅಣ್ಣಿಗೇರಿ, ಗದಗ ಕಡೆ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಮನೆಯೂ ಅದರ ಜೊತೆ ಅಲುಗುತ್ತದೆ. ಗೋಡೆಯಲ್ಲಿ ಓರೆಯಾಗಿ ಬಿರುಕು ಬಂದು, ವರ್ಷಕ್ಕೊಮ್ಮೆ ತೆರೆದು ಮುಚ್ಚುತ್ತಿದ್ದರೆ ಅದಕ್ಕೆ ಯಾವ ಕಂಪನಿಯ ಪುಟ್ಟಿಯೂ ನಿಲ್ಲುವುದಿಲ್ಲ. ಬಣ್ಣದ ದುಡ್ಡನ್ನು ಮೊದಲು ಮನೆಯ ಸುತ್ತಲಿನ ನೀರು ದೂರ ಹರಿಯುವ ಹಾಗೆ ಮಾಡಲಿಕ್ಕೆ ಖರ್ಚು ಮಾಡಿ. ಪಾಯದ ಪಕ್ಕ ನೀರು ನಿಲ್ಲಬಾರದು. ಬಿರುಕು ದೊಡ್ಡದಾಗುತ್ತಿದ್ದರೆ ಇಂಜಿನಿಯರಿಗೆ ತೋರಿಸಿ, ಬಣ್ಣದವನಿಗಲ್ಲ.

ದುಡ್ಡಿಲ್ಲದೆ ಸಿಗುವ ಗುಣಮಟ್ಟವೂ ಒಂದಿದೆ. ಸಿಮೆಂಟ್ ಕೆಲಸಕ್ಕೆ ನೀರು ಹೊಡೆಯುವುದು, ಕ್ಯೂರಿಂಗ್. ಕಾಂಕ್ರೀಟಿಗೆ ಕಡಿಮೆಯೆಂದರೂ 7 ದಿನ. ಈಗ ಜಾಸ್ತಿ ಬರುವ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟಾದರೆ 10 ದಿನ ಹಸಿಯಾಗಿಡಬೇಕು. ಆದರೆ ನಮ್ಮಲ್ಲಿ ಹಲವು ಓಣಿಗಳಿಗೆ ಮಲಪ್ರಭೆ ನೀರು ದಿನಾ ಬರುವುದಿಲ್ಲ. ಎರಡು ದಿನ ಹೊಡೆದು ಸುಮ್ಮನಾಗುತ್ತೇವೆ. ನಳಕ್ಕೆ ನೀರು ಯಾವತ್ತು ಬರುತ್ತದೆ ಎಂದು ನೋಡಿಕೊಂಡು, ಡ್ರಮ್ಮು ತುಂಬಿಟ್ಟುಕೊಂಡು ಕೆಲಸ ಶುರು ಮಾಡಿ. ಚೀಲದ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ, ಅದನ್ನೂ ಓದಿ. ಮೂರು ತಿಂಗಳು ಗೋದಾಮಿನಲ್ಲಿ ಕೂತ ಸಿಮೆಂಟಿಗೆ ಮೊದಲಿನ ಕಸುವು ಇರುವುದಿಲ್ಲ.

ಹಾಗಾದರೆ ಉಳಿತಾಯ ಎಲ್ಲಿ? ಪಡಸಾಲೆಯ ಟೈಲ್ಸಿನಲ್ಲಿ ಉಳಿಸಿ. ಟಿವಿ ಗೋಡೆಯ ಅಲಂಕಾರ ಬಿಡಿ. ಹಿತ್ತಲಿಗೆ ಗ್ರಾನೈಟ್ ಯಾಕೆ? ಶಹಾಬಾದ್ ಫರಸಿ ಸಾಕು, ಕಾಲೂ ಜಾರುವುದಿಲ್ಲ. ಹಳೆ ಮನೆಯ ಸಾಗವಾನಿ ಬಾಗಿಲನ್ನಂತೂ ಗುಜರಿಗೆ ಹಾಕಬೇಡಿ. ನಮ್ಮ ಓಣಿಯಲ್ಲಿ ಒಬ್ಬರು ಅಜ್ಜನ ಕಾಲದ ಬಾಗಿಲು ಕೊಟ್ಟು ಹೊಸ ಫ್ಲಶ್ ಡೋರ್ ತಂದರು. ಎರಡು ಮಳೆಗೆ ಅದು ಉಬ್ಬಿ ಮುಚ್ಚದಂತಾಯಿತು. ಕೆರೆದು ಪಾಲಿಶ್ ಮಾಡಿಸಿದ್ದರೆ ಸಾಕಿತ್ತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಬಾಗಿಲು ನನ್ನದಲ್ಲದಿದ್ದರೂ.

ಮುಂದಿನ ವಾರ ನಮ್ಮ ಅಡುಗೆಮನೆ ಕೆಲಸ ಶುರು. ಈ ಸಲ ಚೀಟಿಯಲ್ಲಿ ಮೊದಲು ಬರೆದದ್ದು ಹಿತ್ತಾಳೆ ಎಲ್ಬೋ. ಗೋಡೆ ಮುಚ್ಚುವ ಮುಂಚೆ ಪೈಪಿಗೆ ಪಂಪಿನಿಂದ ನೀರೊತ್ತಿ, ಎಲ್ಲಾದರೂ ಸೋರುತ್ತದೆಯೇ ಎಂದು ಪರೀಕ್ಷೆ ಮಾಡಲಿಕ್ಕೆ ಪ್ಲಂಬರಿಗೆ ಹೇಳಿದ್ದೇನೆ. ಪೈಪ್ ಎಲ್ಲೆಲ್ಲಿ ಹೋಗಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಡುತ್ತೇನೆ. ಟೈಲ್ಸ್ ಒಂದು ಬಾಕ್ಸ್ ಜಾಸ್ತಿಯೇ ತಂದು ಮಂಚದ ಕೆಳಗೆ ಇಟ್ಟಾಗಿದೆ. ಕಸ ಗುಡಿಸುವಾಗ ದಿನಾ ಕಾಲ್ಬೆರಳಿಗೆ ಬಡಿಯುತ್ತದೆ. ಇದನ್ನ ಯಾವಾಗ ತೆಗೀತೀ ಅಂತ ನಮ್ಮನೆಯವರು ಕೇಳುತ್ತಲೇ ಇರುತ್ತಾರೆ. ನಾನು ಬಚ್ಚಲಿನ ಆ ಬೇರೆ ಬಣ್ಣದ ಗೋಡೆ ಕಡೆ ಕೈ ತೋರಿಸುತ್ತೇನೆ.

ನಮಸ್ಕಾರ.