ವಿವಾದಿತ ಲೇಖಕರಿಗೆ ರಾಷ್ಟ್ರ ಗೌರವ: ಯಾವುದನ್ನು ತೂಗಬೇಕು?

ಕೇಳುಗರೇ, ನಮಸ್ಕಾರ.

ಒಬ್ಬ ವಿವಾದಿತ ಲೇಖಕರ ಹೆಸರು ದೊಡ್ಡ ಗೌರವಕ್ಕೆ ಕೇಳಿಬಂದರೆ ಸಾಕು, ಕಲಬುರಗಿಯ ಚಹಾದಂಗಡಿಯಿಂದ ಬೀದರಿನ ಕಾಲೇಜುಗಳ ಸ್ಟಾಫ್ ರೂಮಿನವರೆಗೆ ಎರಡು ಪಕ್ಷ ಆಗಿಬಿಡುತ್ತವೆ. ‘ಕೊಡಲೇಬೇಕು’ ಎನ್ನುವವರು ಒಂದು ಕಡೆ, ‘ಇಂಥವರಿಗೆ ಹೇಗೆ ಕೊಡ್ತಾರೆ’ ಎನ್ನುವವರು ಇನ್ನೊಂದು ಕಡೆ. ಯಾವ ಗೌರವ, ಕೊಡುವವರು ಯಾರು, ಯಾತಕ್ಕಾಗಿ ಕೊಡುತ್ತಾರೆ, ಇದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕವಿಯನ್ನು ಪ್ರಭುತ್ವ ಗೌರವಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮ ಸೇಡಂ ತಾಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ. ಅಲ್ಲಿಂದ ಆಳಿದ ರಾಷ್ಟ್ರಕೂಟರ ಮೂರನೆಯ ಕೃಷ್ಣ, ಪೊನ್ನನಿಗೆ ‘ಉಭಯಕವಿ ಚಕ್ರವರ್ತಿ’ ಎಂಬ ಬಿರುದು ಕೊಟ್ಟ. ಅದು ದೊರೆಯ ಮರ್ಜಿ. ಇವತ್ತಿನ ಲೆಕ್ಕ ಬೇರೆ. ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದು ಮಾಡಿತು. ಪದ್ಮ ಪ್ರಶಸ್ತಿಗಳು ಬಿರುದಲ್ಲ, ಅವನ್ನು ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಈಗ ಗೌರವ ಕೊಡುವುದು ನಮ್ಮೆಲ್ಲರ ಹೆಸರಿನಲ್ಲಿ. ಆದ್ದರಿಂದ ಕಾರಣ ಕೇಳುವ ಹಕ್ಕೂ ನಮ್ಮದು.

ಮೊದಲು ಕೇಂದ್ರ ಸಾಹಿತ್ಯ ಅಕಾಡೆಮಿ. 1955ರಿಂದ ನಡೆದುಬಂದಿರುವ ಈ ಪ್ರಶಸ್ತಿ ಇಂದು 24 ಭಾಷೆಗಳಿಗೆ ಇದೆ, ಮೊತ್ತ ಒಂದು ಲಕ್ಷ ರೂಪಾಯಿ. ಇದು ಒಂದು ಪುಸ್ತಕಕ್ಕೆ ಕೊಡುವ ಪ್ರಶಸ್ತಿ, ಲೇಖಕರ ಬದುಕಿಗಲ್ಲ. ಕೊನೆಯ ಹಂತದಲ್ಲಿ ಮೂವರು ತೀರ್ಪುಗಾರರು ಕೂತು ತೀರ್ಮಾನಿಸುತ್ತಾರೆ. ಲೇಖಕರೇ ಲಾಬಿ ನಡೆಸಿದ್ದು ಖಚಿತವಾದರೆ ಪುಸ್ತಕ ಅನರ್ಹ. ಅಭಿಮಾನಿಗಳು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಇಲ್ಲಿ ಲೇಖಕರು ಕಳೆದ ವಾರ ವೇದಿಕೆಯ ಮೇಲೆ ಏನಂದರು ಎಂಬುದು ತಕ್ಕಡಿಗೆ ಬರಬಾರದು. ಪುಟಗಳು ಮಾತ್ರ ಬರಬೇಕು.

ಜ್ಞಾನಪೀಠ ಸರ್ಕಾರದ್ದಲ್ಲ, ಒಂದು ಖಾಸಗಿ ಟ್ರಸ್ಟಿನದು. ಮೊದಮೊದಲು ಒಂದು ಕೃತಿಗೆ ಕೊಡುತ್ತಿದ್ದರು, 1980ರ ದಶಕದಿಂದ ಒಟ್ಟು ಸಾಹಿತ್ಯಕ್ಕೆ. ‘ಸರ್ಕಾರ ಅವರಿಗೆ ಜ್ಞಾನಪೀಠ ಕೊಟ್ಟಿತು’ ಎಂದು ಸಿಟ್ಟಾಗುವವರು ಸಿಟ್ಟನ್ನು ತಪ್ಪು ವಿಳಾಸಕ್ಕೆ ಕಳಿಸುತ್ತಿದ್ದಾರೆ.

ನಿಜವಾದ ಸರ್ಕಾರಿ ಗೌರವ ಪದ್ಮ. 1954ರಲ್ಲಿ ಆರಂಭವಾಯಿತು. ಪ್ರತಿವರ್ಷ ಪ್ರಧಾನಿ ನೇಮಿಸುವ ಸಮಿತಿಗೆ ಸಂಪುಟ ಕಾರ್ಯದರ್ಶಿ ಅಧ್ಯಕ್ಷರು. ಸಮಿತಿಯ ಶಿಫಾರಸು ಪ್ರಧಾನಿ ಮತ್ತು ರಾಷ್ಟ್ರಪತಿಗಳಿಗೆ ಹೋಗುತ್ತದೆ. ಮರಣೋತ್ತರ ಮತ್ತು ವಿದೇಶದವರನ್ನು ಬಿಟ್ಟರೆ ವರ್ಷಕ್ಕೆ 120ರ ಮಿತಿ. ಬಹಳ ವರ್ಷ ಬರೆದರು ಎಂಬುದಷ್ಟೇ ಸಾಲದು, ಅಸಾಧಾರಣ ಸಾಧನೆಯ ಜೊತೆ ಸಾರ್ವಜನಿಕ ಸೇವೆಯ ಅಂಶವೂ ಇರಬೇಕು ಎನ್ನುತ್ತದೆ ನಿಯಮ. ಇಲ್ಲಿ ತೂಗುವುದು ಬದುಕನ್ನು. ಹಾಗಾಗಿ ಲೇಖಕರ ಸಾರ್ವಜನಿಕ ನಡೆನುಡಿಯನ್ನು ಕೇಳುವುದು ಇಲ್ಲಿ ನ್ಯಾಯ.

ವಿವಾದಕ್ಕೆ ಬರೋಣ. ನಮ್ಮ ಬಸವಕಲ್ಯಾಣವನ್ನೇ ತೆಗೆದುಕೊಳ್ಳಿ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತ ಗಿರೀಶ ಕಾರ್ನಾಡರ ‘ತಲೆದಂಡ’ಕ್ಕೆ 1994ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಕಲ್ಯಾಣದ ಕುರಿತ ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕದ ವಿರುದ್ಧ 1990ರ ದಶಕದಲ್ಲಿ ನಿಷೇಧದ ಕೂಗು ಎದ್ದಿತು. ಅವರಿಗೆ 2012ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದದ್ದು ಒಂದು ಕವನ ಸಂಕಲನಕ್ಕೆ. ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿಕೊಂಡದ್ದನ್ನು ಸುಪ್ರೀಂ ಕೋರ್ಟ್ 2007ರಲ್ಲಿ ಎತ್ತಿಹಿಡಿಯಿತು. ಮೂರೂ ಕೃತಿಗಳ ಬೇರು ಬಸವಣ್ಣನವರ ಕಾಲದಲ್ಲಿ. ಮೂರರ ಹಣೆಬರಹ ಮೂರು ಬಗೆ. ಸದ್ದಿನ ಗಾತ್ರ ನೋಡಿ ಕೃತಿಯ ತೂಕ ಹೇಳಲಾಗದು ಎನ್ನುವುದಕ್ಕೆ ಬೇರೆ ಊರಿನ ಸಾಕ್ಷಿ ಬೇಕಿಲ್ಲ.

ಸದ್ದು ಹುಟ್ಟುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಿ. ಮೊಬೈಲಿಗೆ ಒಂದು ನಾಟಕದ ಪುಟದ ಫೋಟೊ ಬರುತ್ತದೆ ಎಂದುಕೊಳ್ಳಿ. ‘ಆ ಕೇರಿಯವರ ಕೈನೀರು ನಮ್ಮ ಮನೆಯೊಳಗೆ ಬರಕೂಡದು’ ಎಂಬ ಮಾತಿಗೆ ಕೆಂಪು ಗೆರೆ. ಕೆಳಗೆ ಲೇಖಕರ ಹೆಸರು, ಅದರ ಕೆಳಗೆ ಬೈಗುಳ. ಆ ಮಾತು ಯಾವ ಪಾತ್ರದ್ದು ಎಂಬುದು ಫೋಟೊದ ಮೇಲಂಚಿನಲ್ಲಿ ಕತ್ತರಿಸಿಹೋಗಿದೆ. ಪುಟದ ಸಂಖ್ಯೆಯೂ ಇಲ್ಲ. ಪುಸ್ತಕ ತೆರೆದರೆ ಮೂರೇ ಸಾಲು ಕೆಳಗೆ ಆ ಪಾತ್ರದ ಮಗಳು ಅದೇ ಕೇರಿಯ ಮನೆಯಲ್ಲಿ ತಂಬಿಗೆ ಎತ್ತಿ ನೀರು ಕುಡಿಯುತ್ತಾಳೆ. ನಾಟಕ ನಿಂತಿರುವುದೇ ಆ ತಂಬಿಗೆಯ ಮೇಲೆ. ಫೋಟೊ ನೋಡಿದವರಿಗೆ ತಂಬಿಗೆ ಸಿಗಲೇ ಇಲ್ಲ.

ಅದಕ್ಕೇ ಆಕ್ಷೇಪ ಬರೆಯುವವರು ಇಷ್ಟನ್ನು ತಪ್ಪದೆ ಕೊಡಬೇಕು: ಪ್ರಕಾಶನದ ವರ್ಷ, ಎಷ್ಟನೆಯ ಮುದ್ರಣ, ಪುಟ, ಮಾತು ಪಾತ್ರದ್ದೋ ನಿರೂಪಕನದೋ, ಹಿಂದಿನ ಮುಂದಿನ ಎರಡೆರಡು ಪುಟಗಳ ಪ್ರತಿ. ಮುದ್ರಣದ ಸಂಗತಿ ಏಕೆಂದರೆ, ಕೆಲವು ಲೇಖಕರು ಮರುಮುದ್ರಣದಲ್ಲಿ ಸಾಲುಗಳನ್ನು ತಿದ್ದಿರುತ್ತಾರೆ. ಹಳೆಯದನ್ನು ಹಿಡಿದು ಹೊಸದರ ಮೇಲೆ ದೂರು ಕೊಟ್ಟರೆ ಅದು ನಿಲ್ಲುವುದಿಲ್ಲ. ಭಾಷಣದ ವಿಷಯವಾದರೆ ತುಣುಕು ಸಾಲದು, ಪೂರ್ತಿ ಧ್ವನಿಮುದ್ರಣ ಬೇಕು.

ಇಷ್ಟೆಲ್ಲ ನೋಡಿದ ಮೇಲೂ ಆಕ್ಷೇಪ ಉಳಿದರೆ? ಇಲ್ಲಿ ನನ್ನ ನಿಲುವನ್ನು ನೇರವಾಗಿ ಹೇಳುತ್ತೇನೆ. ದೇವರನ್ನು, ಮಠವನ್ನು, ಸರ್ಕಾರವನ್ನು, ಜನ ತಲೆಯ ಮೇಲೆ ಹೊತ್ತ ನಾಯಕನನ್ನು ಪ್ರಶ್ನಿಸಿದ್ದು ಯಾವ ಗೌರವಕ್ಕೂ ಅಡ್ಡಿಯಾಗಬಾರದು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತು ಎಂದು ‘ಕವಿರಾಜಮಾರ್ಗ’ ಹೇಳಿದ್ದು ಇದೇ ಮಾನ್ಯಖೇಟದ ಅರಸರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ. ಇನ್ನೊಬ್ಬರ ಬರಹ ಕದ್ದದ್ದು ರುಜುವಾತಾದರೆ ಪುಸ್ತಕದ ಪ್ರಶಸ್ತಿಯೂ ಬೇಡ, ಪದ್ಮವೂ ಬೇಡ. ಒಂದು ಸಮುದಾಯವನ್ನು ಬೊಟ್ಟು ಮಾಡಿ ಹೊಡೆಯಿರಿ, ಊರು ಬಿಡಿಸಿರಿ ಎಂದು ವೇದಿಕೆಗಳಲ್ಲಿ ಹೇಳುತ್ತ ಬಂದವರ ಕಾದಂಬರಿ ಎಷ್ಟೇ ಚೆನ್ನಾಗಿರಲಿ, ಪದ್ಮ ಸಲ್ಲದು; ಕಾದಂಬರಿಯನ್ನು ಅಕಾಡೆಮಿ ಕಾದಂಬರಿಯಾಗಿ ನೋಡಲಿ. ಇದು ಕಷ್ಟದ ಗೆರೆ, ಗೊತ್ತು. ಆದರೂ ಎಳೆಯಬೇಕು.

ಗೌರವ ಸಿಕ್ಕರೆ ಲೇಖಕರ ಬಾಯಿ ಕಟ್ಟಿಹೋಗುತ್ತದೆ ಎಂಬ ಭಯ ಕೆಲವರಿಗಿದೆ. ಶಿವರಾಮ ಕಾರಂತರು 1968ರಲ್ಲಿ ಪಡೆದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ ಪ್ರತಿಭಟಿಸಿ ಮರಳಿಸಿದರು. ಬೆನ್ನೆಲುಬು ಇದ್ದವರದ್ದು ಪದಕ ಬಂದರೂ ಬಾಗುವುದಿಲ್ಲ.

ಇನ್ನು ಹೆಸರು ಸೂಚಿಸುವವರಿಗೆ. ಪದ್ಮಕ್ಕೆ ಯಾವ ನಾಗರಿಕನಾದರೂ ರಾಷ್ಟ್ರೀಯ ಪುರಸ್ಕಾರ ಪೋರ್ಟಲಿನಲ್ಲಿ ನಾಮನಿರ್ದೇಶನ ಸಲ್ಲಿಸಬಹುದು. ವಿವರಣೆಗೆ 800 ಪದಗಳ ಮಿತಿ. ನಮ್ಮವರು ಎಡವುವುದು ಇಲ್ಲೇ. ‘ಮೇರು ಪ್ರತಿಭೆ’, ‘ಸರಸ್ವತಿಯ ವರಪುತ್ರ’ ಎಂದು 200 ಪದ ಹೋಗುತ್ತವೆ, ಸನ್ಮಾನಗಳ ಪಟ್ಟಿಗೆ ಇನ್ನೊಂದು 300. ಕೃತಿ ಏನು ಮಾಡಿತು ಎಂಬುದಕ್ಕೆ ಜಾಗವೇ ಉಳಿಯುವುದಿಲ್ಲ. ಹೊಗಳಿಕೆ ಪೂರ್ತಿ ತೆಗೆಯಿರಿ. ಮುಖ್ಯವಾದ ನಾಲ್ಕೈದು ಕೃತಿ, ಅವುಗಳ ವರ್ಷ, ಯಾವ ಭಾಷೆಗೆ ಅನುವಾದವಾದವು, ಬರಹದಿಂದ ಯಾರ ಬದುಕು ಮೊದಲ ಸಲ ಪುಸ್ತಕದೊಳಗೆ ಬಂತು, ಇದನ್ನು ಬರೆಯಿರಿ. ಕೊನೆಗೆ 100 ಪದ ವಿವಾದಕ್ಕೇ ಮೀಸಲಿಡಿ: ವಿರೋಧ ಬಂದದ್ದು ಈ ಕೃತಿಗೆ, ವಿರೋಧಿಸಿದವರ ಮಾತು ಇದು, ಆ ಪುಟ ಹೇಳುವುದು ಇದು ಎಂದು. ಸೂಚಿಸುವವರು ಅಂಜಿ ಬಿಟ್ಟುಬಿಡುವುದು ಇದನ್ನೇ. ಸಮಿತಿಯಲ್ಲಿ ಯಾರಾದರೂ ಆ ವಿಷಯ ಎತ್ತಿದಾಗ ಉತ್ತರ ಹೇಳಲು ನೀವು ಅಲ್ಲಿರುವುದಿಲ್ಲ, ಮೇಜಿನ ಮೇಲೆ ನಿಮ್ಮ 800 ಪದ ಮಾತ್ರ ಇರುತ್ತವೆ.

ನಮಸ್ಕಾರ.